ಹಳೇ ಬಾಟ್ಲಿ ಕೆಟ್ಟದ್ದೋ ಇಲ್ಲೋ ಹೆಂಗ ನೋಡೂದು?

ರವಾ ಹಳೇದಾತು ಅಂದ್ರ ಹುಳಾ ಬೀಳ್ತಾವ, ಶೇಂಗಾ ಹಳೇದಾತು ಅಂದ್ರ ಕಮಟು ವಾಸನಿ ಬರ್ತದ, ಹಪ್ಪಳ ಹಳೇದಾದ್ವು ಅಂದ್ರ ಕರದಾಗ ಕೆಂಪಗಾಗ್ತಾವ. ಇದನ್ನೆಲ್ಲಾ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಡಬ್ಬಿ ಮುಚ್ಚಳಾ ತಗದು ಮೂಗಿನ ಹತ್ರ ಹಿಡದ್ರ ಸಾಕು, ಇಡಬೇಕೋ ಚೆಲ್ಲಬೇಕೋ ತಿಳೀತದ. ಆದ್ರ ಬಚ್ಚಲದಾಗಿನ, ಹಿತ್ತಲದಾಗಿನ, ಗಾಡಿ ನಿಲ್ಲಸೂ ಜಾಗಾದಾಗಿನ ಬಾಟ್ಲಿಗಳ ಮುಂದ ನಿಂತ್ರ ಮಾತ್ರ ನಾವೆಲ್ಲಾ ಸುಮ್ಮನ ನಿಂತಬಿಡ್ತೀವಿ. ಒಬ್ಬರು "ಸಾಬಾಣ ಎಲ್ಲಾರ ಕೆಡ್ತದೇನು, ಇರಲಿ ಬಿಡು" ಅಂತಾರ. ಇನ್ನೊಬ್ಬರು "ನಾಕು ವರ್ಷ ಆತು, ಎಲ್ಲಾ ಒಗದುಬಿಡು" ಅಂತಾರ. ಈ ಎರಡೂ ಮಾತು ಅರ್ಧ ಖರೆ, ಅರ್ಧ ಸುಳ್ಳು. ಒಂದೊಂದು ಸಾಮಾನು ಒಂದೊಂದು ರೀತಿ ಹಳೇದಾಗ್ತದ. ಯಾವುದು ಹೆಂಗ ಹಳೇದಾಗ್ತದ ಅನ್ನೂದು ಗೊತ್ತಾದ್ರ ಚೆಲ್ಲೂದನ್ನ ಚೆಲ್ಲಬಹುದು, ಇಡೂದನ್ನ ಇಡಬಹುದು.

ಈ ವಿಷಯ ಈಗ ಬರ್ಯಾಕ ಕಾರಣ ನಮ್ಮ ವೈನಿ. ಅಣ್ಣ ಹೋಗಿ ಎರಡು ವರ್ಷ ಆತು. ಅವನ ಗಾಡಿ 2011ರದ್ದು. ಸ್ವಂತದ ಕಾರಿಗೆ ರಿಜಿಸ್ಟ್ರೇಷನ್ ಹದಿನೈದು ವರ್ಷದ್ದು ಇರ್ತದ, ಆಮ್ಯಾಲೆ ಗಾಡಿ ತೋರಿಸಿ, ಪಾಸಾದ್ರ ಮತ್ತ ಐದು ವರ್ಷ ಮುಂದ ಹಾಕ್ತಾರ. ಅಣ್ಣನ ಮಗ ಪುಣೆದಾಗ ಇರ್ತಾನ, ವೈನಿಗೆ ಗಾಡಿ ಹೊಡ್ಯಾಕ ಬರೂದಿಲ್ಲ. ಇಷ್ಟೆಲ್ಲಾ ಓಡಾಡೂದು ಯಾರು ಅಂತ ಕಡೀಗೆ ಮಾರೂದ ಅಂತ ಆತು. ನವಲಗುಂದದ ಕಡೆಯ ಒಬ್ಬರು ಮಾಸ್ತರು ರವಿವಾರ ಬಂದು ನೋಡ್ತೀನಿ ಅಂದಿದ್ರು. ವೈನಿ ನನಗ ಫೋನ್ ಮಾಡಿ, "ಅವರು ಇಷ್ಟು ವರ್ಷ ತಮ್ಮ ಕೈಲೆ ತೊಳದ ಗಾಡಿ. ಹೊಲಸು ಮಾಡಿ ಕೊಡೂದಿಲ್ಲ. ಅವರ ಸಾಮಾನೆಲ್ಲಾ ಹಂಗ ಅದ, ಅದರಲೇನ ಒಮ್ಮೆ ತೊಳದು ಕೊಡೂಣು. ನೀ ಬಾರವಾ" ಅಂದ್ರು.

ಮಗಂದು ಬ್ಯಾರೆ ಮಾತು. "ಆಯಿ, ಆ ಹಳೇ ಬಾಟ್ಲಿ ಒಂದೂ ಹಚ್ಚಬ್ಯಾಡ. ಬಣ್ಣಕ್ಕ ಗೀರು ಬಿದ್ರ, ಕಲಿ ಬಿದ್ರ ರೇಟ್ ಕಡಿಮಿ ಆಗ್ತದ. ತೊಳಿಯೋರಿಗೆ ಕೊಡು, ಇಲ್ಲಾ ಹೊಸಾವು ತರಸ್ತೀನಿ" ಅಂತ ಅಂವಾ. ಅಂವಾ ಹೇಳೂದೂ ತಪ್ಪಲ್ಲ. ವೈನಿ ಹೇಳೂದೂ ತಪ್ಪಲ್ಲ. ನಾ ಧಾರವಾಡಕ್ಕ ಹೋಗಿ ಆ ಡಬ್ಬಿ ಪಡಸಾಲಿಯೊಳಗ ಪೇಪರ್ ಹಾಸಿ ಸುರುವಿದೆ. ಒಟ್ಟು ಹನ್ನೊಂದು ಸಾಮಾನು: ಎರಡು ಶ್ಯಾಂಪೂ, ಒಂದು ಡ್ಯಾಶ್‌ಬೋರ್ಡ್ ಪಾಲಿಶ್, ಒಂದು ವ್ಯಾಕ್ಸಿನ ಡಬ್ಬಿ, ಗೀರು ತಗಿಯೂ ಒಂದು ಟ್ಯೂಬು, ಕಾಚು ಒರಸೂ ನೀಲಿ ನೀರು, ಒಂದು ಸ್ಪ್ರೇ ಡಬ್ಬಿ, ಮಗ ಯಾವಾಗೋ ಕೊಟ್ಟ ಒಂದು ಸಣ್ಣ ಸಿರಾಮಿಕ್ ಕೋಟಿಂಗ್ ಬಾಟ್ಲಿ, ಒಂದಿಷ್ಟು ಅರಿವಿ, ಒಂದು ಸ್ಪಂಜು, ಮತ್ತ ಚೀಟಿ ಇಲ್ಲದ್ದೊಂದು ಕುಡಿಯೂ ನೀರಿನ ಬಾಟ್ಲಿ, ಅದರಾಗ ಹಳದಿ ನೀರು.

ಮೊದಲ ತಾರೀಖು ನೋಡಿದ್ವಿ. ಇಲ್ಲೊಂದು ಗೊತ್ತಿರಬೇಕಾದ ಮಾತು ಅದ. ನಮ್ಮ ದೇಶದಾಗ ಪ್ಯಾಕ್ ಮಾಡಿ ಮಾರೂ ಸಾಮಾನಿನ ಮ್ಯಾಲೆ ತಯಾರಿಸಿದ ತಿಂಗಳು, ವರ್ಷ ಹಾಕಬೇಕು ಅಂತ 2011ರ ನಿಯಮ ಅದ. ಆದ್ರ "ಇಷ್ಟರೊಳಗ ಬಳಸ್ರಿ" ಅಂತ ಹಾಕೂ ಕಡ್ಡಾಯ ಮುಖ್ಯವಾಗಿ ಕೆಟ್ಟು ಮನುಷ್ಯಾರು ಬಳಸಲಿಕ್ಕೆ ಬರದಂಗ ಆಗೂ ಪದಾರ್ಥಕ್ಕ. ಹಿಂಗಾಗಿ ಗಾಡಿ ಸಾಬಾಣದ ಮ್ಯಾಲೆ ಹುಟ್ಟಿದ ತಾರೀಖು ಸಿಗ್ತದ, ಸತ್ತ ತಾರೀಖು ಎಷ್ಟೋ ಸಲ ಸಿಗೂದಿಲ್ಲ. ಸಿಕ್ಕರೂ ಅದು ಮುಚ್ಚಳಾ ಒಡೀಲಾರದ, ನೆಳ್ಳಾಗ ಇಟ್ಟ ಬಾಟ್ಲಿಯ ಲೆಕ್ಕ. ಒಡದ ಬಾಟ್ಲಿ ಬಿಸಲಾಗ ಇತ್ತು ಅಂದ್ರ ಆ ಲೆಕ್ಕ ನಡ್ಯಂಗಿಲ್ಲ. ಅಣ್ಣನ ಸಾಮಾನು ಒಂದು 2017ರದ್ದು ಇತ್ತು, ಒಂದು 2019ರದ್ದು, ಎರಡು 2021ರವು. ಉಳದವುಗಳ ಅಕ್ಷರ ಅಳಿಸಿ ಹೋಗಿದ್ವು.

ತಾರೀಖಿನ ಮ್ಯಾಲೆ ಹೇಳಾಕ ಆಗಂಗಿಲ್ಲ ಅಂದ ಮ್ಯಾಲೆ ಹೆಂಗ ಹೇಳೂದು? ನಾ ವೈನಿಗೆ ನಮ್ಮ ಅಡಗಿ ಮನಿ ಲೆಕ್ಕದಾಗ ಹೇಳಿದೆ. ಸಾಮಾನು ಹಳೇದಾಗೂದು ನಾಕು ರೀತಿ.

ಒಂದು, ಹುಣಸಿಹಣ್ಣಿನ ಗತೆ. ಮೂರು ವರ್ಷದ ಹುಣಸಿಹಣ್ಣು ಕರ್ರಗಾಗಿರ್ತದ, ನೋಡಾಕ ಛಲೋ ಇರೂದಿಲ್ಲ. ಆದ್ರ ಹುಳಿ ಹಂಗ ಇರ್ತದ, ದೀಪಾವಳಿಗೆ ಹಿತ್ತಾಳಿ ಸಮೆ ತಿಕ್ಕಿದ್ರ ಹೊಸಾದರಂಗ ಹೊಳೀತದ. ಬಣ್ಣ ಹೋತು, ಗುಣ ಹೋಗಲಿಲ್ಲ. ಎರಡು, ಕರ್ಪೂರದ ಗತೆ. ಡಬ್ಬಿ ಮುಚ್ಚಳಾ ಸಡ್ಲ ಇತ್ತು ಅಂದ್ರ ಕರ್ಪೂರ ತಾನ ಹಾರಿ ಹೋಗ್ತದ. ಕೆಡಲಿಲ್ಲ, ಹೋಗೇಬಿಡ್ತು. ಮೂರು, ಹಾಲಿನ ಗತೆ. ನೀರು, ಜಿಡ್ಡು ಒಂದಾಗಿ ಕೂಡಿರ್ತಾವ, ಒಡದ್ರ ನೀರ ಬ್ಯಾರೆ, ಗಟ್ಟಿ ಬ್ಯಾರೆ. ನಾಕು, ಎಲಿಅಡಕಿ ಸುಣ್ಣದ ಗತೆ. ಡಬ್ಬಿ ತಗದಿಟ್ರ ಸುಣ್ಣಾ ಗಾಳ್ಯಾಗಿನ ಇಂಗಾಲದ ಡೈಆಕ್ಸೈಡ್ ಕೂಡ ಸೇರಿ ಬ್ಯಾರೆ ಪದಾರ್ಥನ ಆಗಿಬಿಡ್ತದ. ನೋಡಾಕ ಬೆಳ್ಳಗ ಹಂಗ ಇರ್ತದ, ಆದ್ರ ಖಾರ ಇರೂದಿಲ್ಲ. ಈ ನಾಕರಾಗ ಕಣ್ಣಿಗೆ ಮೋಸಾ ಮಾಡೂದು ಈ ನಾಕನೇದ್ದು.

ಈಗ ಒಂದೊಂದ ನೋಡೂಣು.

ಶ್ಯಾಂಪೂ ಹೆಚ್ಚು ಕಡಿಮಿ ಹುಣಸಿಹಣ್ಣಿನ ಜಾತಿ. ಅದರಾಗ ಇರೂದು ನೀರು, ಹೊಲಸು ಬಿಡಸೂ ಪದಾರ್ಥ, ದಪ್ಪ ಮಾಡೂದೊಂದು, ಬಣ್ಣ, ವಾಸನಿ, ಮತ್ತ ಕೆಡಬಾರದು ಅಂತ ಹಾಕಿದ್ದೊಂದು. ವರ್ಷ ಹೋದಂಗ ಬಣ್ಣ ಮಾಸ್ತದ, ಸುವಾಸನಿ ಹೋಗ್ತದ, ದಪ್ಪ ಇದ್ದದ್ದು ನೀರಾಗ್ತದ. ಹೊಲಸು ಬಿಡಸೂ ಪದಾರ್ಥ ಮಾತ್ರ ಭಾಳ ದಿನ ತಾಳ್ತದ. ಕೆಡೂದು ಯಾವಾಗ ಅಂದ್ರ, ಬಾಟ್ಲಿ ಖಾಲಿ ಆಗಾಕ ಬಂತು ಅಂತ ನಾವು ಅದಕ್ಕ ನಳದ ನೀರು ಹಾಕಿ ಕುಲಕಿಟ್ಟಾಗ. ಕೆಡಬಾರದು ಅಂತ ಹಾಕಿದ್ದು ತೆಳ್ಳಗಾಗಿ, ಸೂಕ್ಷ್ಮಜೀವಿ ಬೆಳದು, ಗಟಾರದ ವಾಸನಿ ಬರ್ತದ, ಒಳಗ ಲೋಳಿ ಲೋಳಿ ಎಳಿ ಕಾಣ್ತಾವ. ಅಂಥಾದ್ದು ಚೆಲ್ಲಬೇಕು. ಅಣ್ಣನ ಎರಡು ಬಾಟ್ಲಿಯೊಳಗ ಒಂದು ಹಿಂಗ ನೀರು ಹಾಕಿಟ್ಟಿದ್ದು. ಮುಚ್ಚಳಾ ತಗಿಯೂದ ತಡ, ವೈನಿ ಮಾರಿ ತಿರಿಗಿಸಿದ್ರು.

ಇನ್ನೊಂದು 2019ರದ್ದು, ವಾಸನಿ ಇರಲಿಲ್ಲ, ಬಣ್ಣ ಹೋಗಿತ್ತು. ಒಂದು ಮುಚ್ಚಳದಷ್ಟು ಬಕೀಟಿಗೆ ಹಾಕಿ ಕೈ ಆಡಿಸಿದ್ವಿ, ನೊರಿ ಬರಲೇ ಇಲ್ಲ. ವೈನಿ ಮಾರಿ ಸಣ್ಣದಾತು. "ಇದೂ ಹೋತೇನು?" ಅಂದ್ರು. ಆ ಬಕೀಟಿನ ನೀರು ಬೋರಿಂದು. ಬೋರಿನ ಗಡಸ ನೀರಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರ್ತಾವ, ಅವು ನೊರಿ ಏಳಾಕ ಬಿಡೂದಿಲ್ಲ. ಅರಿವಿ ಒಗಿಯೂ ಬಡ್ಡಿ ಸಾಬಾಣಕ್ಕಂತೂ ಇನ್ನೂ ತ್ರಾಸು. ನಾವೆಲ್ಲಾ ಬೋರಿನ ನೀರಾಗ ತಲಿ ತೊಳಕೊಂಡು ಶ್ಯಾಂಪೂಕ್ಕ ಬೈದವರ ಅಲ್ಲೇನು? ಅದಕ್ಕ ನಳಕ್ಕ ಬಂದ ಮಲಪ್ರಭಾ ನೀರು ಒಂದು ತಂಬಿಗಿ ತಂದು, ಎರಡು ಗಾಜಿನ ಬಾಟ್ಲಿಯೊಳಗ ಒಂದರಾಗ ಬೋರಿನ ನೀರು, ಒಂದರಾಗ ನಳದ ನೀರು ಹಾಕಿ, ಎರಡಕ್ಕೂ ಅರ್ಧರ್ಧ ಚಮಚ ಶ್ಯಾಂಪೂ ಹಾಕಿ ಕುಲಕಿದ್ವಿ. ಬೋರಿನದರಾಗ ಬಟ್ಟಿನಷ್ಟು ನೊರಿ, ನಳದ್ದರಾಗ ಬಾಟ್ಲಿ ಕಂಠದ ತನಕಾ. ಶ್ಯಾಂಪೂ ಛಲೋ ಇತ್ತು, ನೀರಿಂದ ಹೆಸರು ಕೆಟ್ಟಿತ್ತು. ಇನ್ನೊಂದು, ನೊರಿ ಇದ್ದಷ್ಟೂ ಹೊಲಸು ಹೋಗ್ತದ ಅಂತನೂ ಅಲ್ಲ. ಒಂದು ಜಿಡ್ಡ ಹಚ್ಚಿದ ತಾಟು ತೊಳದು ನೋಡ್ರಿ, ಜಿಡ್ಡು ಬಿಟ್ರ ಸಾಬಾಣ ಜೀವಂತ ಅದ ಅಂತ ಅರ್ಥ.

ಇಲ್ಲೇ ಒಂದು ಮಾತು ಹೇಳಿ ಮುಂದ ಹೋಗ್ತೀನಿ. ಶ್ಯಾಂಪೂ ಇಲ್ಲ ಅಂತ ಅರಿವಿ ಒಗಿಯೂ ಪುಡಿ ಹಾಕಿ ಗಾಡಿ ತೊಳೀಬ್ಯಾಡ್ರಿ. ಅದರಾಗ ಸೋಡಾ ಇರ್ತದ, ಮೊದಲ ಹಚ್ಚಿದ ವ್ಯಾಕ್ಸನ್ನೂ ಕೂಡೆ ತಗೊಂಡು ಹೋಗ್ತದ.

ಡ್ಯಾಶ್‌ಬೋರ್ಡ್ ಪಾಲಿಶ್ ಹಾಲಿನ ಜಾತಿ. ಬೆಳ್ಳಗ ಹಾಲಿನಂಗ ಇರೂದು ಯಾಕಂದ್ರ, ಸಿಲಿಕೋನಿನ ಎಣ್ಣಿಯ ಸಣ್ಣ ಸಣ್ಣ ಹನಿ ನೀರಾಗ ಹರಡಿ ನಿಂತಿರ್ತಾವ. ಒಂದಿಷ್ಟು ದಿನ ಅಲ್ಲಾಡಿಸಲಾರದ ಇಟ್ರ ಮ್ಯಾಲೆ ಕೆನಿ ಕಟ್ಟಿದಂಗ ಆಗ್ತದ, ಅದು ಕೆಟ್ಟದ್ದಲ್ಲ. ಛಂದಂಗೆ ಕುಲಕಿ ಹತ್ತು ನಿಮಿಷ ಬಿಟ್ಟು ನೋಡಬೇಕು. ಮತ್ತ ಒಂದಾಗಿ ನಿಂತ್ರ ಛಲೋ. ಕುಲಕಿದ ಮ್ಯಾಲೂ ಮಸರಿನಂಗ ಗಡ್ಡಿ ಗಡ್ಡಿ ಉಳದು ನೀರು ಬ್ಯಾರೆ ನಿಂತ್ರ ಅದು ಒಡದದ. ಒಡದ ಹಾಲನ್ನ ಕುಲಕಿದ್ರ ಹಾಲಾಗ್ತದೇನು? ಹಂಗ ಇದು. ಹಚ್ಚಿದ್ರ ಒಂದ ಕಡೆ ಎಣ್ಣಿ ಎಣ್ಣಿ, ಒಂದ ಕಡೆ ಏನೂ ಇಲ್ಲ, ಮ್ಯಾಲೆ ಧೂಳ ಹತ್ತೂದೊಂದು ಬ್ಯಾರೆ. ಅಣ್ಣ ಈ ಬಾಟ್ಲಿ ಗಾಡಿ ಡಿಕ್ಕಿಯೊಳಗ ಇಡ್ತಿದ್ದ. ಹೊರಗ 38 ಡಿಗ್ರಿ ಬಿಸಲಿದ್ರ ಮುಚ್ಚಿದ ಗಾಡಿ ಒಳಗ ಒಂದು ತಾಸಿನಾಗ 60ರ ಹತ್ತಿರ ಹೋಗ್ತದ. ಅಷ್ಟು ಬಿಸಿ ಎಷ್ಟು ಬ್ಯಾಸಿಗಿ ತಿಂದಿತ್ತೋ, ಈ ಪಾಲಿಶ್ ಪೂರಾ ಒಡದಿತ್ತು. ಬಾಜೂಕ ಇಟ್ವಿ.

ವ್ಯಾಕ್ಸಿನ ಡಬ್ಬಿ ಕರ್ಪೂರದ ಜಾತಿ. ಮ್ಯಾಲೆ ಕಾರ್ನಾಬಾ ಅಂತ ಬರದಿತ್ತು. ಇದು ಬ್ರೆಜಿಲ್ ದೇಶದ ಒಂದು ತಾಳೆ ಜಾತಿ ಗಿಡದ ಎಲಿ ಮ್ಯಾಲಿನ ಮೇಣ. ಗಟ್ಟಿ ಮೇಣ, ಕರಗಬೇಕಂದ್ರ 80 ಡಿಗ್ರಿಗಿಂತಾ ಹೆಚ್ಚು ಕಾವು ಬೇಕು. ಗುಳಿಗಿಗೂ ಪೆಪ್ಪರಮಿಂಟಿಗೂ ಹೊಳಪು ಬರಲಿ ಅಂತ ಇದನ್ನ ಹಚ್ತಾರ. ಮೇಣ ತಾನು ಬೇಗ ಕೆಡೂದಲ್ಲ. ಆದ್ರ ಅಷ್ಟು ಗಟ್ಟಿ ಮೇಣ ಗಾಡಿಗೆ ಹಚ್ಚಾಕ ಬರಲಿ ಅಂತ ಅದರಾಗ ಚಿಮಣಿ ಎಣ್ಣಿ ಜಾತಿಯ ದ್ರವ ಕೂಡಿಸಿರ್ತಾರ. ಮುಚ್ಚಳಾ ಸಡ್ಲ ಇದ್ರ ಆ ದ್ರವ ಹಾರಿ ಹೋಗಿ, ಉಳದ ಮೇಣ ಬ್ಯಾಸಿಗ್ಯಾಗಿನ ಕೆರಿ ತಳದಂಗ ಬಿರಕು ಬಿಡ್ತದ. ಅಣ್ಣನ ಡಬ್ಬಿ 2017ರದ್ದು, ಎಲ್ಲಾಕಿಂತ ಹಳೇದು. ವೈನಿ ಅದನ್ನ ತಗಿಯೂಕ ಹೆದರಿದ್ರು. ತಗದ್ರ ಅಂಚಿನಾಗ ಒಂದೆರಡು ಬಿರಕು, ನಡು ಮೆತ್ತಗ ಇತ್ತು. ಅಣ್ಣ ಮುಚ್ಚಳದ ಒಳಗ ಒಂದು ಪ್ಲಾಸ್ಟಿಕ್ ಹಾಳಿ ಹಾಕಿ ಬಿಗಿ ಮುಚ್ಚಿದ್ದ, ಉಪ್ಪಿನಕಾಯಿ ಬರಣಿಗೆ ನಾವು ಅರಿವಿ ಕಟ್ಟಿದಂಗ. ಬಟ್ಟಿಗೆ ಹಚ್ಚಿ ತಿಕ್ಕಿ ನೋಡಿದೆ, ಬೆಣ್ಣಿಯಂಗ ಹರಡಿತು.

ಆದ್ರೂ ಒಮ್ಮೆಲೇ ಬಾನೆಟ್ಟಿಗೆ ಹಚ್ಚಲಿಲ್ಲ. ಬಾಗಲಾ ತಗದು ಒಳ ಅಂಚಿನಾಗ, ಯಾರಿಗೂ ಕಾಣಲಾರದಲ್ಲಿ, ಬೊಗಸಿಯಷ್ಟು ಜಾಗಾದಾಗ ಹಚ್ಚಿ, ಒಣಗಿದ ಮ್ಯಾಲೆ ಒರಸಿ, ನೀರು ಚಿಮಕಿಸಿದ್ವಿ. ಕಮಲದ ಎಲಿ ಮ್ಯಾಲೆ ನಿಂತಂಗ ನೀರು ಮುತ್ತು ಮುತ್ತಾಗಿ ನಿಂತ್ವು. ಬಾಜೂಕ ಹಚ್ಚಲಾರದ ಜಾಗಾದಾಗ ನೀರು ಹಾಳಿಯಂಗ ಹರಡಿತು. ವ್ಯಾಕ್ಸ್ ಕೆಲಸಾ ಮಾಡ್ತದೋ ಇಲ್ಲೋ ನೋಡಾಕ ಇದಕ್ಕಿಂತ ಸರಳ ಪರೀಕ್ಷಾ ಇಲ್ಲ. ಯಾವುದ ಹಳೇ ಸಾಮಾನಿರಲಿ, ಮೊದಲ ಮರೀಗೆ ಸ್ವಲ್ಪ ಹಚ್ಚಿ ನೋಡೂದು, ಆಮ್ಯಾಲೆ ಎದರಿಗೆ.

ಗೀರು ತಗಿಯೂ ಟ್ಯೂಬಿನ ವಿಷಯಕ್ಕ ಮಾತ್ರ ನಾ ಅಣ್ಣನ ಮಗನ ಕಡೆ. ಅದರಾಗ ಇರೂದು ಭಾಳ ಸಣ್ಣ ಉಸಕಿನಂಥಾ ಪುಡಿ, ಅದು ಬಣ್ಣದ ಮ್ಯಾಲಿನ ಪದರ ಸವಸಿ ಸವಸಿ ಗೀರು ಕಾಣಲಾರದಂಗ ಮಾಡ್ತದ. ಹಸಿ ಇದ್ದಾಗ ಪುಡಿ ಸಮ ಹರಡ್ತದ. ಒಣಗಿದ್ರ ಪುಡಿ ಕೂಡಿ ಹರಳು ಹರಳಾಗ್ತದ. ಅದನ್ನ ಹಚ್ಚಿ ತಿಕ್ಕೂದು ಅಂದ್ರ ಉಸಕಿನಲೆ ತಿಕ್ಕಿದಂಗ. ಶ್ಯಾಂಪೂ ಸತ್ತಿದ್ರ ಗಾಡಿ ಹೊಲಸು ಉಳೀತದ, ಮತ್ತೊಮ್ಮೆ ತೊಳದ್ರ ಆತು. ಇದು ಕೆಟ್ಟಿದ್ರ ಹೊಸಾ ಗೀರು ಬೀಳ್ತಾವ, ತಗಿಯಾಕ ಬರೂದಿಲ್ಲ. ಅಣ್ಣನ ಟ್ಯೂಬು ಹಿಚಕಿದ್ರ ಬಾಯಾಗ ಹರಳು ಬಂತು. ನೀರು ಹಾಕಿ ಮೆತ್ತಗ ಮಾಡಿ ನೋಡೂಣು ಅಂತ ವೈನಿ ಅಂದ್ರು. ಬ್ಯಾಡ ಅಂದೆ.

ಕಾಚು ಒರಸೂ ನೀಲಿ ನೀರು ಛಲೋ ಇತ್ತು. ಅದರ ಮೂಗು ಕಟ್ಟಿತ್ತು ಅಷ್ಟ. ಸ್ಪ್ರೇದ ಮೂತಿ ಬಿಸಿನೀರಾಗ ಹತ್ತು ನಿಮಿಷ ನೆನಿ ಇಟ್ರ ತೆರೀತು. ಎಷ್ಟೋ ಬಾಟ್ಲಿ "ಕೆಟ್ಟಾವ" ಅಂತ ನಾವು ಒಗಿಯೂದು ಮೂತಿ ಕಟ್ಟಿದ್ದಕ್ಕ. ಇಂಥಾ ನೀರಾಗ ಸ್ವಲ್ಪ ಆಲ್ಕೋಹಾಲ್ ಜಾತಿಯ ದ್ರವ ಇರ್ತದ, ಮುಚ್ಚಳಾ ಸಡ್ಲ ಇದ್ರ ಅದು ಹಾರಿ, ಒರಸಿದ ಮ್ಯಾಲೆ ಕಾಚಿನಾಗ ಗೆರಿ ಉಳೀತಾವ. ಅಷ್ಟರ ಮ್ಯಾಲೆ ಗೊತ್ತಾಗ್ತದ.

ಮಗ ಕೊಟ್ಟ ಸಿರಾಮಿಕ್ ಕೋಟಿಂಗ್ ಬಾಟ್ಲಿ ಸುಣ್ಣದ ಜಾತಿ, ಗಾಳಿ ಕೂಡ ಸೇರಿ ಬ್ಯಾರೆ ಆಗೂದು. ಗಾಳ್ಯಾಗಿನ ಪಸಿ ತಾಗಿದ್ರ ಗಟ್ಟಿ ಆಗೂದ ಅದರ ಗುಣ. ಗಾಡಿ ಮ್ಯಾಲೆ ಗಟ್ಟಿ ಆಗಲಿ ಅಂತ ಮಾಡಿದ್ದು, ಒಮ್ಮೆ ಮುಚ್ಚಳಾ ಒಡದ್ರ ಬಾಟ್ಲಿಯೊಳಗೂ ಗಟ್ಟಿ ಆಗ್ತದ. ಅಲ್ಲಾಡಿಸಿದ್ರ ಒಳಗ ಕಲ್ಲಸಕ್ರಿಯಂಗ ಸಪ್ಪಳ ಬಂತು. ಎಲ್ಲಾಕಿಂತ ತುಟ್ಟಿ ಸಾಮಾನು, ಎಲ್ಲಾಕಿಂತ ಮೊದಲ ಕೆಟ್ಟದ್ದು ಅದ. ಸ್ಪ್ರೇ ಡಬ್ಬಿಯೊಳಗ ಗ್ಯಾಸ್ ಹೋಗಿತ್ತು, ಒತ್ತಿದ್ರ ಬರೀ ತುಸು ಹನಿ. ಅಂಥಾ ಡಬ್ಬಿ ಖಾಲಿ ಆತು ಅಂತ ಮೊಳಿ ಹೊಡಿಯೂದು, ಒಲಿಗೆ ಹಾಕೂದು ಮಾಡಬಾರದು, ಒಳಗ ಬೆಂಕಿ ಹತ್ತೂ ಗ್ಯಾಸ್ ಉಳದಿರ್ತದ. ಡಬ್ಬಿ ಮ್ಯಾಲೇನ "50 ಡಿಗ್ರಿ ಮ್ಯಾಲೆ ಕಾಯಿಸಬ್ಯಾಡ್ರಿ" ಅಂತ ಬರದಿರ್ತಾರ, ಅಂದ್ರ ಬಿಸಲಾಗ ನಿಂತ ಗಾಡಿಯೊಳಗ ಅದನ್ನ ಇಡೂ ಹಂಗ ಇಲ್ಲ.

ಅರಿವಿ ಎಲ್ಲಾ ಛಲೋ ಇದ್ವು. ಮೈಕ್ರೋಫೈಬರ್ ಅರಿವಿ ಅಂದ್ರ ಪಾಲಿಸ್ಟರ್, ನೈಲಾನ್ ಕೂಡಿಸಿ ಮಾಡಿದ ಭಾಳ ಸಣ್ಣ ಎಳಿ. ವಯಸ್ಸಾತು ಅಂತ ಅದು ಕೆಡೂದಿಲ್ಲ, ನಾವು ಒಗಿಯೂ ರೀತಿಲೆ ಕೆಡ್ತದ. ಮೆತ್ತಗಾಗಲಿ ಅಂತ ಸುವಾಸನಿ ನೀರಾಗ ಅದ್ದಿದ್ರ ಎಳಿ ಮ್ಯಾಲೆ ಜಿಡ್ಡು ಕೂತು ನೀರು ಹೀರೂದು ಬಿಡ್ತದ. ಇಸ್ತ್ರಿ ಮಾಡಿದ್ರ ಎಳಿ ಕರಗ್ತದ. ಸ್ಪಂಜು ಮಾತ್ರ ಮುಟ್ಟಿದ್ರ ಪುಡಿ ಪುಡಿ ಆತು.

ಕಡೀಗೆ ಉಳದದ್ದು ಚೀಟಿ ಇಲ್ಲದ್ದ ನೀರಿನ ಬಾಟ್ಲಿ, ಹಳದಿ ನೀರಿಂದು. ಉಳದ ಎಲ್ಲಾ ಸಾಮಾನು ವೈನಿ ನಾ ಹೇಳಿದಂಗ ಆ ಕಡೆ, ಈ ಕಡೆ ಇಟ್ರು. ಇದನ್ನ ಕೈಯಾಗ ಹಿಡದು ಕೂತಬಿಟ್ರು. "ಇದು ಏನಂತ ಅವರಿಗೆ ಗೊತ್ತಿತ್ತು" ಅಂದ್ರು. ಅಷ್ಟ ಅಂದ್ರು. ಅಣ್ಣ ಎಂಜಿನ್ ತೊಳಿಯಾಕ ಏನೋ ಕಲಸಿಟ್ಟಿದ್ನೋ, ಬ್ಯಾಟರಿದ್ದೋ, ಕಾಚಿಂದೋ, ಕೇಳಾಕ ಅಂವಾ ಇಲ್ಲ. ಪಿಯುಸಿ ಲ್ಯಾಬಿನಾಗ ಕಲಿಸಿದ್ರಲ್ಲ, ಗೊತ್ತಿಲ್ಲದ್ದಕ್ಕ ಮೂಗು ಹಚ್ಚಬಾರದು, ದೂರ ಹಿಡದು ಕೈಲೆ ಗಾಳಿ ಬೀಸಿಕೊಂಡು ವಾಸನಿ ನೋಡಬೇಕು ಅಂತ, ಹಂಗ ನೋಡಿದ್ರೂ ಏನೂ ತಿಳೀಲಿಲ್ಲ. ಇಂಥಾದ್ದು ಕೆಟ್ಟದ್ದೋ ಛಲೋದೋ ಅನ್ನೂ ಪ್ರಶ್ನಾನ ಬರೂದಿಲ್ಲ. ಏನಂತ ಗೊತ್ತಿಲ್ಲ ಅಂದ್ರ ಅದು ಮನ್ಯಾಗ ಇರಬಾರದು. ವೈನಿ ಮಮ್ಮಗ ಸೂಟಿಗೆ ಬಂದಾಗ ನೀರಡಿಸಿ ಕೈಗೆ ಸಿಕ್ಕ ಬಾಟ್ಲಿ ಎತ್ತೂ ವಯಸ್ಸಿನಾಂವ. ಅದನ್ನ ಹೇಳಿದ ಮ್ಯಾಲೆ ವೈನಿ ತಾವ ಎದ್ದು ಅದನ್ನ ಹೊರಗ ಇಟ್ಟು ಬಂದ್ರು.

ಇದೊಂದು ಮಾತು ನಿಮಗೆಲ್ಲಾ ಕೈಮುಗದು ಹೇಳ್ತೀನಿ. ಫಿನೈಲು, ಆಸಿಡ್ಡು, ಚಿಮಣಿ ಎಣ್ಣಿ, ಪೆಟ್ರೋಲು ಯಾವುದನ್ನೂ ಕುಡಿಯೂ ನೀರಿನ, ತಂಪು ಪಾನೀಯದ ಬಾಟ್ಲಿಯೊಳಗ ಸುರುವಿ ಇಡಬ್ಯಾಡ್ರಿ. ದೇವರ ದಯದಿಂದ ಆಗಬಾರದು, ಆದ್ರ ಹುಡುಗರು ಕುಡದ್ರ ವಾಂತಿ ಮಾಡಸಾಕ ಹೋಗಬ್ಯಾಡ್ರಿ. ಚಿಮಣಿ ಎಣ್ಣಿಯಂಥಾದ್ದು ವಾಂತಿಯೊಳಗ ಶ್ವಾಸಕೋಶಕ್ಕ ಇಳದ್ರ ಜೀವಕ್ಕ ಬರ್ತದ, ಆಸಿಡ್ಡು ವಾಪಸ್ ಬರೂವಾಗ ಮತ್ತ ಸುಡ್ತದ. ಆ ಬಾಟ್ಲಿ ಸೈತ ತಗೊಂಡು ನೇರ ದವಾಖಾನಿಗೆ ಹೋಗ್ರಿ.

ಗಾಡಿ ವಿಷಯ ಬಿಟ್ಟು ನಮ್ಮ ಬಚ್ಚಲಕ್ಕ ಬಂದ್ರ, ಸುಣ್ಣದಂಗ ಮೋಸಾ ಮಾಡೂದು ಬ್ಲೀಚಿಂಗ್ ಪುಡಿ. ಪಾಕೀಟು ಒಡದು ಬಾಯಿ ಕಟ್ಟಲಾರದ ಇಟ್ರ ಪಸಿ ತಾಗಿ ಅದರಾಗಿನ ಕ್ಲೋರಿನ್ ಹೋಗ್ತಿರ್ತದ. ಪುಡಿ ಬೆಳ್ಳಗ ಹಂಗ ಇರ್ತದ, ಕೆಲಸಾ ಆಗೂದಿಲ್ಲ. ಮೂಗಿಗೆ ಚುರುಕು ವಾಸನಿ ಇಲ್ಲ, ಉಂಡಿ ಕಟ್ಟ್ಯಾವ ಅಂದ್ರ ಅದರ ಸತ್ವ ಹೋಗೇದ. ನೀರಿನಂಥಾ ಬ್ಲೀಚೂ ಹಂಗ, ಕಾವಿಗೆ, ಬೆಳಕಿಗೆ ದಿನಾ ಸ್ವಲ್ಪ ಸ್ವಲ್ಪ ಉಪ್ಪು ನೀರಾಗ್ತಾ ಹೋಗ್ತದ, ಅದಕ್ಕ ಆ ಬಾಟ್ಲಿ ಒಳಗಿಂದು ಕಾಣಲಾರದಂಗ ಇರ್ತದ. "ಹಳೇದಾಗೇದ, ಇದರ ಜೋಡಿ ಅದನ್ನೂ ಕೂಡಿಸಿದ್ರ ಜೋರಾಗ್ತದ" ಅಂತ ಮಾತ್ರ ಎಂದೂ ಮಾಡಬ್ಯಾಡ್ರಿ. ಬ್ಲೀಚಿಗೆ ಆಸಿಡ್ ಕೂಡಿದ್ರ ಕ್ಲೋರಿನ್ ವಿಷಗಾಳಿ ಏಳ್ತದ. ಕೆಲವು ಕಾಚು ಒರಸೂ ನೀರಾಗ ಅಮೋನಿಯಾ ಇರ್ತದ, ಅದರ ಜೋಡೀನೂ ಬ್ಲೀಚು ಕೂಡಿಸಬಾರದು.

ಚೆಲ್ಲೂದು ಎಲ್ಲೆ? ಸಾಬಾಣದ ನೀರು ಭಾಳ ನೀರು ಬೆರಸಿ ಬಚ್ಚಲಕ್ಕ ಬಿಡಬಹುದು. ವ್ಯಾಕ್ಸು, ಎಣ್ಣಿ ಜಾತಿಯವು, ಸ್ಪ್ರೇ ಡಬ್ಬಿ, ಗೊತ್ತಿಲ್ಲದ ಬಾಟ್ಲಿ ಗಟಾರಕ್ಕ ಸುರುವಬಾರದು, ಗಟಾರಿನದ್ದು ಹಳ್ಳಕ್ಕ, ಹಳ್ಳದ್ದು ಕೆರಿಗೆ ಹೋಗ್ತದ. ಬಾವಿ ಹತ್ರಂತೂ ಬ್ಯಾಡೇ ಬ್ಯಾಡ. 2016ರ ಘನತ್ಯಾಜ್ಯ ನಿಯಮದಾಗ ಹಸಿ ಕಸಾ, ಒಣ ಕಸಾ ಅಲ್ಲದ ಮನ್ಯಾಗಿನ ಅಪಾಯದ ಕಸಾ ಅಂತ ಮೂರನೇದ್ದೊಂದು ಮಾಡಿದ್ರು. ಬಣ್ಣದ ಡಬ್ಬಿ, ಔಷಧದ ಡಬ್ಬಿ, ಟ್ಯೂಬಲೈಟು ಎಲ್ಲಾ ಅದರಾಗ ಬರ್ತಿದ್ವು. ನಾವು ಇವನ್ನೆಲ್ಲಾ ಬ್ಯಾರೆ ಚೀಲದಾಗ ಕಟ್ಟಿ, ಮ್ಯಾಲೆ ಬರದು, ಕಸದ ಗಾಡಿಯವರ ಕೈಗೆ ಹೇಳಿ ಕೊಟ್ವಿ. ಸುಮ್ಮನ ಒಗದ್ರ ಕೈಲೆ ಆರಸೋರು ಅವರ ಅಲ್ಲೇನು?

ಕಡೀಗೆ ಉಳದದ್ದು ಒಂದು ಶ್ಯಾಂಪೂ, ವ್ಯಾಕ್ಸಿನ ಡಬ್ಬಿ, ನೀಲಿ ನೀರು, ಅರಿವಿ. ಶನಿವಾರ ಮುಂಜಾನೆ ಬಿಸಲು ಏರೂಕಿಂತ ಮೊದಲ ನೆಳ್ಳಾಗ ಗಾಡಿ ನಿಲ್ಲಿಸಿ, ಬಾಜೂ ಮನಿ ಹುಡುಗನ್ನ ಕರಕೊಂಡು, ನಳದ ನೀರಾಗ ತೊಳದ್ವಿ. ಒಂದು ಬಕೀಟು ಸಾಬಾಣದ್ದು, ಒಂದು ಅರಿವಿ ಜಾಲಸೂದು. ಬೋರಿನ ನೀರು ಗಾಡಿ ಮ್ಯಾಲೆ ಒಣಗಿದ್ರ ಬಿಳೇ ಕಲಿ ಕೂಡ್ತಾವ, ಅದಕ್ಕ ನಳದ ನೀರು ಎರಡು ದಿನದಿಂದ ಕೂಡಿಸಿಟ್ಟಿದ್ವಿ. ಸಣ್ಣ ಸಣ್ಣ ಜಾಗಾದಾಗ ವ್ಯಾಕ್ಸ್ ಹಚ್ಚಿ ಒರಸಿದ್ವಿ. ಬಾನೆಟ್ಟು ವೈನಿ ಯಾರಿಗೂ ಕೊಡಲಿಲ್ಲ, ತಾವ ಒರಸಿದ್ರು. ಒಳಗಿನ ಡ್ಯಾಶ್‌ಬೋರ್ಡ್ ಬರೀ ಹಸಿ ಅರಿವಿಲೆ ಒರಸಿದ್ವಿ, ಅದಕ್ಕ ಪಾಲಿಶ್ ಬೇಕಂತ ಅನಿಸಲೂ ಇಲ್ಲ. ಹೊಸಾದ್ದು ಅಂತ ಕೊಂಡದ್ದು ಒಂದ ಸ್ಪಂಜು. ರವಿವಾರ ಮಾಸ್ತರು ಬಂದು ಗಾಡಿ ಸುತ್ತ ಎರಡು ಸಲ ಅಡ್ಡಾಡಿ, "ಭಾಳ ಪ್ರೀತಿಲೆ ಇಟ್ಟೀರಿ" ಅಂದ್ರು. ರೇಟ್ ಬಗ್ಗೆ ಭಾಳ ಎಳದಾಡಲಿಲ್ಲ. ವೈನಿ ವ್ಯಾಕ್ಸಿನ ಡಬ್ಬಿ, ಅರಿವಿ ಅವರ ಕೈಗೇ ಕೊಟ್ಟು, ಮುಚ್ಚಳದ ಒಳಗಿನ ಪ್ಲಾಸ್ಟಿಕ್ ಹಾಳಿ ತೋರಿಸಿ, "ಇದನ್ನ ಹಿಂಗ ಹಾಕಿ ಮುಚ್ಚಬೇಕ್ರಿ" ಅಂತ ಹೇಳಿದ್ರು.

ನೀವೂ ನಿಮ್ಮ ಮನಿ ಬಾಟ್ಲಿ ತಗದು ನೋಡೂದಿದ್ರ ಇಷ್ಟು ಮಾಡ್ರಿ. ಹೊಸಾ ಬಾಟ್ಲಿ ಒಡದ ದಿನ ಅದರ ಮ್ಯಾಲೆ ತಾರೀಖು ಬರೀರಿ, ಮಾರ್ಕರ್ ಪೆನ್ನಿಲೆ ಬರದು ಮ್ಯಾಲೆ ಸೆಲೋಟೇಪ್ ಹಚ್ಚಿದ್ರ ಅಳಸೂದಿಲ್ಲ. ಮುಚ್ಚಳಾ ಬಿಗಿ ಹಾಕ್ರಿ. ಗಾಡಿ ಡಿಕ್ಕಿಯೊಳಗ, ಗಚ್ಚಿ ಮ್ಯಾಲೆ ಇಡಬ್ಯಾಡ್ರಿ, ನೆಳ್ಳಾಗ, ಹುಡುಗರ ಕೈಗೆ ಸಿಗಲಾರದಷ್ಟು ಎತ್ತರದಾಗ ಇಡ್ರಿ. ಬಾಟ್ಲಿಗೆ ನೀರು ಹಾಕಿ ಇಡಬ್ಯಾಡ್ರಿ, ಬೇಕಾದಷ್ಟ ಬಕೀಟಿನಾಗ ಬೆರಸ್ರಿ. ವರ್ಷಕ್ಕೊಮ್ಮೆ ದೀಪಾವಳಿ ಸ್ವಚ್ಛತಾ ಮಾಡೂವಾಗ ಎಲ್ಲಾ ಕುಲಕಿ ನೋಡ್ರಿ. ಸಣ್ಣ ಬಾಟ್ಲಿ ತರ್ರಿ, ದೊಡ್ಡದು ಸೋವಿ ಅಂತ ತಂದು ಅರ್ಧ ಚೆಲ್ಲಿದ್ರ ಅದ ತುಟ್ಟಿ. ಮತ್ತ ಮನಿಯವರು ಏನರ ಕಲಸಿಟ್ಟಿದ್ರ, ಅದು ಏನು, ಯಾತಕ್ಕ ಅಂತ ಇವತ್ತ ಕೇಳಿ ಚೀಟಿ ಹಚ್ಚಿಬಿಡ್ರಿ.